ವಾಷಿಂಗ್ ಮೆಷಿನ್ ಹಿಂದಿನ ಮಾನ್‌ಸ್ಟರ್

ಶನಿವಾರ, ಮಾರ್ಚ್ ೧೪

ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳೀತಾ? ನಿನ್ನ ಮೆಸೇಜುಗಳಿಗೆ ಉತ್ತರ ಕೊಟ್ಟಿಲ್ಲ, ಬೈಕೋಬೇಡ. ಬರೆಯೋಕೆ ಕೂತ್ರೆ ನನಗೆ ಕೈ ಓಡಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದ್ದೀನಿ. ಹಿಂದೆ ಗುಂಯ್ ಅಂತಿರೋದು ಲಿಫ್ಟಿನ ಮೋಟಾರು, ನನ್ನ ಎದೆ ಅಲ್ಲ.

ಲಿಫ್ಟ್ ರಿಪೇರಿ ಕೆಲಸ ಕೈತುಂಬಾ ಇದೆ. ಚೂಟಿಗೆ ಎಂಟು ತುಂಬ್ತು. ನಾನು ಆ ಮನೆ ಬಿಟ್ಟಾಗಿನಿಂದ ಮಗಳಿಗೆ ಬಚ್ಚಲುಮನೆ ಭಯ ಅಂತ ಹೇಳಿದ್ದೆನಲ್ಲ, ವಾಷಿಂಗ್ ಮೆಷಿನ್ ಹಿಂದೆ ಮಾನ್‌ಸ್ಟರ್ ಇದೆ ಅಂತ. ಸ್ನಾನಕ್ಕೆ ಮುಂಚೆ ನನಗೆ ಫೋನು: "ಅಪ್ಪಾ, ಓಡ್ಸು." ನಾನು ಎಲ್ಲೇ ಕೆಲಸದಲ್ಲಿರ್ಲಿ, ಲಿಫ್ಟಿನ ತಳದ ಗುಂಡಿಗೆ ಇಳಿದು, ಗಂಟಲು ಹರಿಯೋ ಹಾಗೆ ಗದರಿಸಿ ರೆಕಾರ್ಡ್ ಮಾಡಿ ಕಳಿಸ್ತಿದ್ದೆ. ಅಷ್ಟೂ ಮಹಡಿಗೆ ಮೊಳಗೋದು. "ಮೇಲಿನವರು ಕಂಪ್ಲೇಂಟ್ ಕೊಡ್ತಿದ್ದಾರೆ ಮಾರಾಯ, ಸ್ವಲ್ಪ ಮೆತ್ತಗೆ ಓಡ್ಸು" ಅಂತ ಸೂಪರ್‌ವೈಸರ್ ಬೇಡ್ಕೊಳ್ತಿದ್ದ.

ಈಚೆಗೆ ಫೋನೇ ಇಲ್ಲ. ತಡೀಲಾರದೆ ಭಾನುವಾರ ಹೋದೆ. ಬಾಗಿಲು ತೆಗೆದದ್ದು ಅವಳಮ್ಮನ ಹೊಸ ಗಂಡ, ಕಾಲೇಜಲ್ಲಿ ಲ್ಯಾಟಿನ್ ಹೇಳಿಕೊಡೋ ಮೇಷ್ಟ್ರು. ಮನೇಲೂ ಇಸ್ತ್ರಿ ಶರ್ಟು. ನನ್ನ ಚಪ್ಪಲಿ ಇರ್ತಿದ್ದ ಜಾಗದಲ್ಲಿ ಅವನ ಚಪ್ಪಲಿ. ಕೆಟ್ಟವನಾಗಿದ್ರೆ ನನಗೆ ಎಷ್ಟು ಹಾಯಾಗಿರ್ತಿತ್ತು.

"ಏನೇ, ಓಡ್ಸೋದು ಬೇಡ್ವಾ?" ಅಂದೆ ಚೂಟಿಗೆ.

"ಬೇಡಪ್ಪ. ಅದು ಹೆದರ್ಸೋಕೆ ಬಂದಿಲ್ಲ, ಏನೋ ಹೇಳೋಕೆ ಬಂದಿದೆ. ಅಂಕಲ್ ಹೇಳಿದ್ರು."

ಮೇಷ್ಟ್ರು ಕನ್ನಡಕ ಒರೆಸ್ಕೊಂಡ. "ಆ ಪದದ ಮೂಲ ಲ್ಯಾಟಿನ್ ಸಾರ್. 'ಮೊನ್‌ಸ್ಟ್ರುಮ್' ಅಂದ್ರೆ ದೇವರುಗಳು ಕಳಿಸೋ ಸೂಚನೆ, ಅಪಶಕುನ ಅನ್ನಿ. ಅದರ ಬೇರು 'ಮೊನೇರೆ', ಅಂದ್ರೆ ಎಚ್ಚರಿಸೋದು. ವಿಕಾರವಾದ್ದೇನಾದ್ರೂ ಹುಟ್ಟಿದ್ರೆ ಮುಂದೇನೋ ಆಗುತ್ತೆ ಅಂತ ನಂಬ್ತಿದ್ರು. ಭಯಂಕರ ಪ್ರಾಣಿ ಅನ್ನೋ ಅರ್ಥ ಆಮೇಲೆ ಬಂತು. ನೀವು ಹೊಸ ಲಿಫ್ಟಿಗೆ ಡೆಮಾನ್‌ಸ್ಟ್ರೇಷನ್ ಕೊಡ್ತೀರಲ್ಲ, ಅದೂ ಇದರ ನೆಂಟನೇ."

ನನ್ನ ಲಿಫ್ಟಿಗೂ ನೆಂಟಸ್ತನ ಹಚ್ಚಿಬಿಟ್ಟ ನೋಡು. "ಸಂತೋಷ ಸಾರ್" ಅಂದೆ.

ಚೂಟಿ ಟವೆಲ್ ಹೆಗಲಿಗೆ ಹಾಕ್ಕೊಂಡು, ಹಾಡ್ಕೊಂಡು ಸ್ನಾನಕ್ಕೆ ಹೋದಳು. ಒಳಗಿಂದ ಚಿಲಕ ಬಿತ್ತು. ಅಪ್ಪ ಆದವನು ಖುಷಿಪಡಬೇಕು ತಾನೇ? ನಾನು ಕಿವಿ ಕೊಟ್ಟು ನಿಂತೆ. ಆ ದರಿದ್ರದ್ದು ಒಂದ್ಸಲ, ಒಂದೇ ಒಂದ್ಸಲ, ಗುರ್ ಅನ್ನಬಾರದಾ ಅಂತ.

ಅನ್ನಲಿಲ್ಲ.

ಭಾವನಿಗೆ ಕೇಳಿದೆ ಅಂತ ಹೇಳು. ಮೆಟ್ಟಿಲು ಹತ್ತಬೇಡ, ಲಿಫ್ಟಿಗೆ ಕಾಯಿ. ನನಗಿಂತ ದೊಡ್ಡವಳನ್ನ ನಾನು ಹರಸೋ ಹಾಗಿಲ್ಲ, ಆದ್ರೂ ನಿನಗೆ ಎಲ್ಲಾ ಒಳ್ಳೇದಾಗ್ಲಿ.

ನಿನ್ನ ತಮ್ಮ,
ಬಾಯಿಬಡುಕ

ತಾ.ಕ.: ಮರೆತಿದ್ದೆ ಅಂತ ಸುಳ್ಳು ಹೇಳಲ್ಲ, ಬಾಯಿಗೆ ಬಂದಿರಲಿಲ್ಲ ಅಷ್ಟೆ. ಹೊರಡುವಾಗ ಮೇಷ್ಟ್ರು ಗೇಟಿನವರೆಗೂ ಬಂದು ಮೆಲ್ಲಗೆ ಹೇಳಿದ: "ಅದು ನಿನಗೆ ಏನು ಹೇಳುತ್ತೆ ಅಂತ ಚೂಟಿನ ಕೇಳಿದೆ ಸಾರ್. 'ನಾನು ಸ್ನಾನ ಮುಗಿಸಿ ಬರೋಷ್ಟರಲ್ಲಿ ಅಪ್ಪ ಹೋಗ್ಬಿಟ್ಟಿದ್ರು. ಈಗ ಅಮ್ಮನೂ ಹೋಗ್ತಾಳೆ ಅನ್ನುತ್ತೆ' ಅಂದಳು." ಎರಡು ವರ್ಷ ನಾನು ಅದನ್ನ ಗದರಿಸಿದ್ದೇ ಗದರಿಸಿದ್ದು. ನನಗೆ ಹೇಳದೇ ಇದ್ದದ್ದನ್ನ ಅವನಿಗೆ ಹೇಳಿದ್ದಾಳೆ. ಈಗ ಅವಳ ಸ್ನಾನ ಮುಗಿಯೋವರೆಗೂ ಅವನು ಬಚ್ಚಲ ಬಾಗಿಲ ಹೊರಗೆ ಕುರ್ಚಿ ಹಾಕ್ಕೊಂಡು ಕೂತಿರ್ತಾನಂತೆ. ಆ ಕುರ್ಚಿ ನಾನು ತಂದಿದ್ದು ಅಕ್ಕಾ.