ನೀರಿನ ನಲ್ಲಿಗಳ ಹತ್ತಿರ ಅಮ್ಮ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ,

ಮಣಿಕಟ್ಟಿನ ನೋವು ಹೇಗಿದೆ? ಬೇಕರಿಯಲ್ಲಿ ಹಿಟ್ಟು ನಾದುವುದನ್ನು ನಾಲ್ಕು ದಿನ ಬೇರೆಯವರಿಗೆ ಬಿಡು ಎಂದರೆ ನೀನು ಕೇಳುವವಳಲ್ಲ. ಬಟ್ಟೆಯ ಪಟ್ಟಿಯನ್ನಾದರೂ ಬಿಗಿಯಾಗಿ ಸುತ್ತಿಕೋ. ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ, ಬಲಗಾಲಿನ ಪಾದ ಮಾತ್ರ ಊದಿಕೊಂಡಿದೆ, ಯಾಕೆಂದು ಮುಂದೆ ಹೇಳುತ್ತೇನೆ. ಶನಿವಾರದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ಅಂಗಡಿಯಲ್ಲಿ ಯಾರದೋ ಕನ್ನಡಕಕ್ಕೆ ಎಡಗಣ್ಣಿನ ಗಾಜನ್ನು ಬಲಗಡೆ ಕೂರಿಸಿ ಯಜಮಾನರಿಂದ ಬೈಸಿಕೊಂಡೆ. ಈ ಪತ್ರವನ್ನೂ ಮೂರು ಸಲ ಶುರುಮಾಡಿ ಹರಿದು ಹಾಕಿದ್ದೇನೆ. ಈ ಸಲ ಹೇಗೆ ಬರುತ್ತದೋ ಹಾಗೆ ಬರೆದುಬಿಡುತ್ತೇನೆ.

ನೀನು ಹಗಲೂ ರಾತ್ರಿ ಕೇಳುತ್ತಿದ್ದೆಯಲ್ಲ, ಆ ಗಾಯಕಿ, ನಾನು ಮೊದಲೇ ಬರೆದಿದ್ದಂತೆ, ಶನಿವಾರ ನಮ್ಮೂರಿಗೆ ಹಾಡಲು ಬಂದಿದ್ದಳು. ಮೂರು ವಾರದ ಹಿಂದೆ ಬಸ್ ನಿಲ್ದಾಣದಲ್ಲಿ ಅವಳ ಪೋಸ್ಟರ್ ನೋಡಿಕೊಂಡು ಬಂದ ಅಮ್ಮ, ಚಪ್ಪಲಿ ಬಿಡುವ ಮೊದಲೇ, "ಎರಡು ಟಿಕೆಟ್ ತಗೊಂಡ್ಬಾ" ಅಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅಪ್ಪ ಹೋಗಿ ಮೂರು ತಿಂಗಳಾಗಿದ್ದಾಗ ನೀನು ಅವಳ ಹಾಡನ್ನು ಜೋರಾಗಿ ಹಾಕಿದ್ದಕ್ಕೆ ಪ್ಲಗ್ ಕಿತ್ತೆಸೆದು, "ಅಪ್ಪ ಸತ್ತ ಮನೇಲಿ ಕುಣಿಯೋಕೆ ಮನಸ್ಸಾದ್ರೂ ಹೇಗೆ ಬರತ್ತೆ" ಅಂದವಳು ಇವಳೇ ತಾನೆ? ಆ ಮಾತಿಗೆ ನೀನು ಒಂದು ಬ್ಯಾಗು ಹಿಡಿದು ಹೊರಟು ಎರಡು ವರ್ಷವಾಯಿತು. ನೀನು ಹಾಡು ಹಾಕಿ ಬಾಗಿಲ ಹಿಂದೆ ಕೂತು ಅಳುತ್ತಿದ್ದದ್ದು ನನಗೆ ಗೊತ್ತಿತ್ತು. ನಾನಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ.

ಶನಿವಾರ ಮೂರು ಗಂಟೆಗೇ ಮೈದಾನ ತುಂಬಿಹೋಗಿತ್ತು. ನಲವತ್ತು ಸಾವಿರ ಜನ ಎಂದು ಯಾರೋ ಹೇಳಿದರು. ಎಣಿಸಿದವರು ಯಾರೋ ಗೊತ್ತಿಲ್ಲ, ಕಾಲಿಡಲು ಜಾಗವಿರಲಿಲ್ಲ ಅನ್ನುವುದಂತೂ ನಿಜ. ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವಳಿಗೆ ಜನರ ನಡುವೆ ದಾರಿ ಮಾಡಿಕೊಳ್ಳುವುದನ್ನು ಹೇಳಿಕೊಡಬೇಕೇ? ಒಂದು ಮೊಣಕೈ ಮುಂದಿಟ್ಟುಕೊಂಡು ನಡೆದೇಬಿಟ್ಟಳು. ಆದರೆ ವೇದಿಕೆಯ ಕಡೆಗಲ್ಲ. ಕುಡಿಯುವ ನೀರಿನ ನಲ್ಲಿಗಳ ಹತ್ತಿರ ಹೋಗಿ, ವೇದಿಕೆಗೆ ಬೆನ್ನು ಹಾಕಿ ನಿಂತಳು. ಇಲ್ಲಿಂದ ಏನೂ ಕಾಣುವುದಿಲ್ಲ, ಮುಂದೆ ಹೋಗೋಣ ಎಂದೆ. "ಇಡೀ ಮೈದಾನಕ್ಕೆ ನೀರಿರೋದು ಇಲ್ಲೊಂದೇ ಕಡೆ. ಅವಳು ಬಂದಿದ್ರೆ ಯಾವಾಗಾದ್ರೂ ಇಲ್ಲಿಗೆ ಬರ್ಲೇಬೇಕು" ಅಂದಳು.

ಅವಳು ಎಂದರೆ ನೀನು ಎಂದು ನನಗೆ ಆಗ ಹೊಳೆಯಿತು. ಆ ದಿನ ರಜೆ ಸಿಗಲಿಲ್ಲ, ಬರಲಾಗುವುದಿಲ್ಲ ಎಂಬ ನಿನ್ನ ಪತ್ರ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ನೀನು ಎಲ್ಲಿದ್ದೀಯ ಎಂದು ಅಮ್ಮನಿಗೆ ಹೇಳುವುದಿಲ್ಲವೆಂದು ನಿನಗೆ ಮಾತು ಕೊಟ್ಟವನು, ನೀನು ಬಂದಿಲ್ಲ ಎಂದು ಹೇಗೆ ಹೇಳಲಿ? ಮೂರು ಗಂಟೆ ಕಾಲ ಅವಳು ಒಂದೊಂದು ಮುಖವನ್ನೂ, ಬಸ್ಸಿನಲ್ಲಿ ಟಿಕೆಟ್ ತೆಗೆಯದವರನ್ನು ಹುಡುಕುತ್ತಿದ್ದಳಲ್ಲ, ಹಾಗೆ ನೋಡುತ್ತಾ ನಿಂತಳು. ಓಡಿಬಂದ ಯಾರೋ ಬೂಟುಗಾಲಿನಿಂದ ಪಾದ ತುಳಿದರು. ಕೂತುಕೋ ಎಂದರೆ ಕೂರಲಿಲ್ಲ. ನಿನ್ನಂತೆಯೇ ಭುಜ ಕುಣಿಸುತ್ತಾ ನಡೆಯುವ ಒಬ್ಬಳ ಹಿಂದೆ ಕುಂಟಿಕೊಂಡೇ ಹೋಗಿ, ಅವಳು ತಿರುಗಿ ನೋಡಿದಾಗ ಬರಿಗೈಯಲ್ಲಿ ವಾಪಸು ಬಂದಳು.

ಆಮೇಲೆ ಮಾಡಿದ್ದನ್ನು ಕೇಳು. ಕಳೆದುಹೋದ ಮಕ್ಕಳ ಹೆಸರು ಕೂಗುವ ಡೇರೆಗೆ ನಡೆದಳು. ಮೈಕಿನವನು ಮಗುವಿನ ವಯಸ್ಸು ಕೇಳಿದ. "ಇಪ್ಪತ್ನಾಲ್ಕು" ಅಂದಳು. ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ನಿನ್ನ ಪೂರ್ತಿ ಹೆಸರನ್ನು ಅಷ್ಟು ಜನರ ಮುಂದೆ ಕೂಗಿಸಿದರೆ ನೀನು ಸಿಟ್ಟಾಗುತ್ತೀಯಂತೆ, ಅದಕ್ಕೆ ಪುಟ್ಟಿ ಎಂದಷ್ಟೇ ಕೂಗಿಸಿದಳು. "ಪುಟ್ಟಿ ಎಲ್ಲಿದ್ರೂ ನೀರಿನ ನಲ್ಲಿಗಳ ಹತ್ರ ಬರ್ಬೇಕು, ಅಮ್ಮ ಕಾಯ್ತಿದ್ದಾರೆ." ನಾಲ್ಕು ಜನ ಪುಟ್ಟಿಯರು ಬಂದರು. ಮೂವರು ನಕ್ಕು ಹೋದರು. ನಾಲ್ಕನೆಯವಳು ಹೋಗದೆ ನಿಂತೇ ಇದ್ದಳು. "ನಮ್ಮಮ್ಮ ಬಂದಿರ್ಬಹುದು ಅಂದ್ಕೊಂಡೆ ಆಂಟಿ" ಅಂದಳು. ಅಮ್ಮ ಏನೂ ಕೇಳದೆ ಅವಳ ಬಾಟಲಿ ಇಸಿದುಕೊಂಡು ನೀರು ತುಂಬಿಸಿ ಕೊಟ್ಟಳು.

ಕೊನೆಗೆ ಆ ಹಾಡು ಬಂತು, ನೀನು ಅವತ್ತು ಹಾಕಿದ್ದದ್ದು. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಜನವೆಲ್ಲ ತೆಪ್ಪಗಾದರು. ಅಮ್ಮ ಮೊದಲ ಸಲ ವೇದಿಕೆಯ ಕಡೆ ತಿರುಗಿದಳು. ಪೂರ್ತಿ ಕೇಳಿದಳು. "ಇದು ಅಳೋ ಹಾಡು ಕಣೋ. ನಾನು ಕುಣಿಯೋ ಹಾಡು ಅಂದ್ಕೊಂಡಿದ್ದೆ" ಅಂದಳು. ಅಷ್ಟೇ. ಹಾಡು ಮುಗಿದ ಮೇಲೂ ಅಲ್ಲೇ ನಿಂತಿದ್ದಳು, ನಾನೇ ಕೈ ಹಿಡಿದು ಹೊರಡಿಸಿದೆ.

ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು, "ಅವಳು ಬರಲ್ಲ ಅಂತ ನಿಂಗೆ ಗೊತ್ತಿತ್ತಲ್ವಾ?" ಅವಳೇ ಮುಂದುವರಿಸಿದಳು, "ನೀನು ಒಂದ್ಸಲನೂ ಜನರ ಮುಖ ನೋಡ್ಲಿಲ್ಲ. ನನ್ನನ್ನೇ ನೋಡ್ತಿದ್ದೆ. ಹುಡುಕೋಕೆ ಬಂದೋರು ಹಾಗೆ ನಿಲ್ಲಲ್ಲ." ನಾನು ತಲೆ ತಗ್ಗಿಸಿದೆ. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. "ಎಲ್ಲಿದ್ದಾಳೆ ಅಂತ ಕೇಳಲ್ಲ, ನೀನು ಮಾತು ಕೊಟ್ಟಿರ್ತೀಯ. ಕೆಲಸದ ಕಡೆ ಕೂತ್ಕೊಳ್ಳೋಕೆ ಒಂದು ಸ್ಟೂಲ್ ಆದ್ರೂ ಕೊಡ್ತಾರಾ?" ಕೊಡುತ್ತಾರಂತೆ ಎಂದೆ. ಸುಳ್ಳಾಗಿದ್ದರೆ ಕ್ಷಮಿಸು. ಅವತ್ತಿನಿಂದ ಅವಳು ಮತ್ತೇನೂ ಕೇಳಿಲ್ಲ. ಆ ಕಾಲಿಟ್ಟುಕೊಂಡು ಬಾಗಿಲಿಗೂ ಅಡುಗೆಮನೆಗೂ ಓಡಾಡುತ್ತಿರುತ್ತಾಳೆ, ಅವಳ ಹಿಂದೆ ನಾನೂ ಓಡಾಡುತ್ತಿರುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಒಲೆಯ ಹತ್ತಿರ ಕೈ ಜೋಪಾನ. ನಿನ್ನ ಜೊತೆ ಕೋಣೆ ಹಂಚಿಕೊಂಡಿರುವ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಅಣ್ಣ

ಮರೆತ ಮಾತು: ಅವಸರದಲ್ಲಿ ಬರೆಯುತ್ತಿದ್ದೇನೆ. ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಯಾರಿಗೆ ಪತ್ರ ಎಂದು ಕೇಳಲಿಲ್ಲ, ಅಂಚೆ ಡಬ್ಬಿಗೆ ತಾನೇ ಹಾಕಿ ಬರುತ್ತಾಳಂತೆ, ಕೈ ಚಾಚಿದ್ದಾಳೆ. ಲಕೋಟೆಯ ಮೇಲೆ ನಿನ್ನ ವಿಳಾಸ ದೊಡ್ಡ ಅಕ್ಷರದಲ್ಲಿದೆ. ಮಾತು ಮುರಿದೆ ಎಂದು ನನ್ನನ್ನು ಬೈಯುವುದಾದರೆ ಬೈದುಕೋ, ನಾನು ಅದನ್ನು ಅವಳ ಕೈಗೇ ಕೊಡುತ್ತಿದ್ದೇನೆ. ಭಾನುವಾರ ನಿನಗೆ ರಜೆ ಅನ್ನುವುದನ್ನೂ ಹೇಳಿಬಿಟ್ಟಿದ್ದೇನೆ.