ಕ್ಯಾಸೆಟ್ಟಿನ ಸವೆದ ಜಾಗ

ಶಲವಡಿ
೧೨-೬-೧೯೮೮

ಅಣ್ಣಿಗೇರಿಯ ವಿಡಿಯೋ ದಾವೂದಸಾಬರಿಗೆ ಈರಬಸಪ್ಪನ ನಮಸ್ಕಾರಗಳು.

ಮೊಮ್ಮಗಳ ಮದುವೆಯ ಹೊಸ ಕ್ಯಾಸೆಟ್ ಮುಟ್ಟಿತು. ಹಳೆಯದರಲ್ಲಿ ಬರೀ ಗೆರೆಗಳು ಕುಣಿಯುತ್ತಿದ್ದ ಜಾಗದಲ್ಲಿ ಈಗ ನನ್ನ ಹೆಂಡತಿ ಗುರವ್ವ ಅಗದಿ ಸ್ವಚ್ಛ ಕಾಣುತ್ತಾಳೆ, ದನಿಯೂ ಕೇಳುತ್ತದೆ. ನೀವು ಮೂಲ ಕ್ಯಾಸೆಟ್ಟನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದರಿಂದ ನಾನು ಬದುಕಿದೆ.

ಒಂದು ವಿನಂತಿ. ಆ ಮೂಲದ ಮೇಲೆ ಬೇರೆಯವರ ಮದುವೆ ತುಂಬಬೇಡಿರಿ. ಅದರ ಬದಲಿಗೆ ಖಾಲಿ ಕ್ಯಾಸೆಟ್ ಕಳಿಸಿದ್ದೇನೆ. ಇನ್ನೊಂದು ನಕಲು ತೆಗೆದು ಕುಬಿಹಾಳಕ್ಕೆ, ಮೊಮ್ಮಗಳ ಮನೆಗೆ ಮುಟ್ಟಿಸಿರಿ. ಎರಡು ಊರಿನಲ್ಲಿದ್ದರೆ ಒಂದಾದರೂ ಉಳಿಯುತ್ತದೆ.

ರಿಪೇರಿಗೆ ತಂದಾಗ ನೀವು, “ಕಾಕಾ, ಇದೊಂದ ಜಾಗಾ ಯಾಕ ಇಷ್ಟು ಸವದೈತ್ರಿ?” ಎಂದು ಕೇಳಿದಿರಿ. ಬಾಜೂಕ್ಕೆ ಗುರವ್ವ ಇದ್ದಳು, ಧೂಳು ಎಂದೆ. ಧೂಳಲ್ಲ. ನಲವತ್ತೆರಡು ವರ್ಷದಲ್ಲಿ ಆಕೆ ನನ್ನ ಹೆಸರು ಹೇಳಿದವಳಲ್ಲ. ಮೊಮ್ಮಗಳ ಮದುವೆಯ ದಿನ ಹೆಂಗಸರೆಲ್ಲ ಬಿಡದೆ ಕಾಡಿದಾಗ ಒಡಪು ಹಾಕಿ, ಪದ್ಯದೊಳಗೆ ಸೇರಿಸಿ ಒಮ್ಮೆ ಹೇಳಿದಳು. ಆ ಹೊತ್ತಿಗೆ ನಾನು ಬೀಗರನ್ನು ಬಸ್ ಹತ್ತಿಸಲು ಹೋಗಿದ್ದೆ! ಇನ್ನೊಮ್ಮೆ ಹೇಳು ಎಂದರೆ, “ಒಮ್ಮೆ ಹೇಳೇನಲ್ಲ, ಸಾಕು, ಸುಮ್ನಿರ್ರಿ” ಎನ್ನುತ್ತಾಳೆ. ಹೀಗಾಗಿ ಆಕೆ ಹೊಲಕ್ಕೆ ಹೋದಾಗಲೆಲ್ಲ, ಮಗ ತಂದ ವಿಸಿಆರ್‌ನಲ್ಲಿ ಆ ಒಂದು ಮಾತನ್ನೇ ಹಿಂದಕ್ಕೆ ಸುತ್ತಿ ಸುತ್ತಿ ಕೇಳಿದೆ. ನನ್ನ ಹೆಸರು ಇಷ್ಟು ಚಂದ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಈ ಪತ್ರ ಓದಿದ ಕೂಡಲೇ ಹರಿದುಹಾಕಿರಿ. ಇದಕ್ಕೆ ನಕಲು ಬೇಡ.

ಇಂತಿ ನಿಮ್ಮ,
ಈರಬಸಪ್ಪ