ಯಾರ ಕೆಲಸ ಎಂದು ಕೇಳುವ ಗಾಡಿ

ಬೆಟಗೇರಿ
ಕಾವು ತಿಂಗಳ ಇಪ್ಪತ್ತು, ೨೧೮೯

ಚಿತ್ರದಲ್ಲಿರುವ ಅವ್ವನಿಗೆ,

'ನಡೆವವನ ನೆರಳು ನಡೆವವನದೇ' ಎಂದು ಒಂದು ಸಾಲು. ಬರೆದವರು ಯಾರೋ ನೆನಪಿಲ್ಲ, ಅದರ ಮುಂದಿನ ಸಾಲೂ ನೆನಪಿಲ್ಲ. ನೀವು ಎಂ.ಎ. ಎನ್ನುತ್ತಿದ್ದ ಓದನ್ನು ನಾನು ಓದುತ್ತಿದ್ದಾಗ ಗೆಳತಿಯೊಬ್ಬಳು ಕಿಟಕಿಗೆ ಒರಗಿ ಅದನ್ನು ಹೇಳಿದ್ದಳು. ಆಗ ಇಬ್ಬರಿಗೂ ಅದು ಬಹಳ ದೊಡ್ಡ ಮಾತು ಅನ್ನಿಸಿತ್ತು. ಈಗ ಕೆಲವು ದಿನಗಳಿಂದ ಮನೆಯೊಳಗೇ ಕೂತು ಆ ಸಾಲಿನ ಜೊತೆ ಜಗಳವಾಡುತ್ತಿದ್ದೇನೆ. ನಡೆಯದವರ ನೆರಳು ಯಾರದು? ಬೆಳಿಗ್ಗೆ ನನ್ನನ್ನು ಹಾಸಿಗೆಯಿಂದ ಎತ್ತಿ ಕುರ್ಚಿಗೆ ತರುವಾಗ ಎದುರಿನ ಗೋಡೆಯ ಮೇಲೆ ಒಂದೇ ನೆರಳು ಬೀಳುತ್ತದೆ. ಅದರಲ್ಲಿ ನನ್ನದೆಷ್ಟು, ಎತ್ತಿದವರದೆಷ್ಟು ಎಂದು ಆ ಕವಿಗೆ ಬಿಡಿಸಿ ಹೇಳಲು ಆಗುತ್ತಿತ್ತೇ?

ಮೇಲೆ ಬರೆದ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಹಿಗ್ಗುತ್ತಾ ಹೋಗಿ ಏಪ್ರಿಲ್, ಮೇ ಎರಡೂ ಸಾಲದಾದಾಗ ನಮ್ಮ ಹಿರಿಯರು ಒಂದೊಂದು ತಿಂಗಳಿಂದಲೂ ಎರಡೆರಡು ದಿನ ಕಿತ್ತು ಅವೆರಡರ ನಡುವೆ ಇನ್ನೊಂದು ತಿಂಗಳನ್ನು ಕೂಡಿಸಿದರು. ಅದಕ್ಕೆ ಕಾವು ಎಂದು ಹೆಸರು. ಆ ತಿಂಗಳು ಹಗಲಲ್ಲಿ ಯಾರೂ ಹೊರಗೆ ಬರುವುದಿಲ್ಲ, ಅಂಚೆ ಹಂಚುವುದಿಲ್ಲ. ಹಂಚದ ಅಂಚೆಯ ತಿಂಗಳು ಎಂಬ ಕಾರಣಕ್ಕೇ ಇರಬೇಕು, ಹಿಂದಿನ ಕಾಲದವರಿಗೆ ಪತ್ರ ಬರೆಯುವ ರೂಢಿಯೊಂದು ನಮ್ಮಲ್ಲಿ ಬೆಳೆದಿದೆ. ಹಿಂದಂಚೆ ಎನ್ನುತ್ತೇವೆ. ಬರೆದದ್ದನ್ನು ಓದುಮನೆಯ ಬಾಗಿಲಲ್ಲಿರುವ ಡಬ್ಬಿಗೆ ಹಾಕುತ್ತೇವೆ. ಅದು ತಲುಪುತ್ತದೆಯೇ ಎಂದು ಕೇಳುವುದು ಸಭ್ಯತೆ ಅಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಪದಗಳು ಹೊಸವು, ಅವುಗಳ ಹಿಂದಿರುವ ಕಷ್ಟ ನಿಮಗೆ ಪರಿಚಯದ್ದೇ.

ಓದುಮನೆ ಎಂದರೆ ಹಳೆಯ ಪುಸ್ತಕಗಳನ್ನು ಗಟ್ಟಿಯಾಗಿ ಓದಿಸುವ ಜಾಗ. ನಾನು ಅಲ್ಲಿ ಕವಿತೆ ಓದಿಸುತ್ತೇನೆ, ಅಂದರೆ ಓದಿಸುತ್ತಿದ್ದೆ. ಅಲ್ಲಿನ ಗೋಡೆಯ ಮೇಲೆ ನಿಮ್ಮ ಚಿತ್ರವಿದೆ. ಹೆಸರಿಲ್ಲ. ಗದಗಿನ ಯಾವುದೋ ರಸ್ತೆಯಲ್ಲಿ ಸ್ಕೂಟರಿನ ಮೇಲೆ ಕೂತಿದ್ದೀರಿ. ಹಿಂದಿನ ಚಕ್ರದ ಎರಡು ಬದಿಗೂ ಎರಡು ಪುಟ್ಟ ಚಕ್ರ ಕೂಡಿಸಿದ್ದಾರೆ. ನಿಮ್ಮ ಒಂದು ಕಾಲು ಸಣ್ಣದು, ಊರುಗೋಲನ್ನು ಸ್ಕೂಟರಿನ ಬದಿಗೆ ಹಗ್ಗದಿಂದ ಕಟ್ಟಿದ್ದೀರಿ. ಹಿಂದೆ ಇನ್ನೊಬ್ಬ ಹೆಂಗಸು ಕೂತಿದ್ದಾರೆ, ಅವರ ತೊಡೆಯ ಮೇಲೆ ಬದನೆಕಾಯಿ ತುಂಬಿದ ಕೈಚೀಲ. ಇಬ್ಬರೂ ಯಾವುದಕ್ಕೋ ನಗುತ್ತಿದ್ದೀರಿ. ಎಷ್ಟೋ ವರ್ಷ ನಾನು ಈ ಚಿತ್ರದಲ್ಲಿ ನಿಮ್ಮನ್ನು, ನಿಮ್ಮ ಚಕ್ರಗಳನ್ನು ಮಾತ್ರ ನೋಡಿದ್ದೆ. ಈಗ ಕೇಳಬೇಕೆನ್ನಿಸುತ್ತದೆ: ಹಿಂದೆ ಕೂತವರು ಯಾರು?

ನಮ್ಮ ಕಾಲದಲ್ಲಿ ಸ್ವಂತ ಗಾಡಿ ಯಾರಿಗೂ ಇಲ್ಲ. ಊರಿನವರೆಲ್ಲ ಸಾಲುಬಂಡಿಯಲ್ಲಿ ಓಡಾಡುತ್ತಾರೆ. ಅವು ಒಂದರ ಹಿಂದೊಂದು ಇರುವೆಗಳಂತೆ ಬರುತ್ತವೆ, ಒಂದು ಮೆಟ್ಟಿಲಿನ ಎತ್ತರದಲ್ಲಿ ಬಾಗಿಲು ತೆರೆಯುತ್ತವೆ, ನೀವು ಒಂದು ಸೀನು ಸೀನಿ ಮುಗಿಸುವಷ್ಟರಲ್ಲಿ ಮುಚ್ಚುತ್ತವೆ. ಸೊಂಟದಿಂದ ಕೆಳಗೆ ನನ್ನ ಮೈ ಹುಟ್ಟಿದಂದಿನಿಂದ ನನ್ನ ಮಾತು ಕೇಳಿಲ್ಲ. ನನ್ನಂಥವರಿಗಾಗಿ ಓಡಾಟ ಮಂಡಳಿಯವರು ಗೇಣಿಗಾಡಿ ಕೊಡುತ್ತಾರೆ. ನನಗೆ ಬರುವ ಅಂಗವಿಕಲರ ಭತ್ಯೆಯಲ್ಲಿ ಒಂದು ಪಾಲು ಅದರ ಗೇಣಿಗೆ ಹೋಗುತ್ತದೆ, ಗಾಡಿ ಮಂಡಳಿಯದೇ ಆಗಿರುತ್ತದೆ. ಅದು ತಾನೇ ಓಡುತ್ತದೆ. ನನ್ನ ಹಳೆಯ ಗಾಡಿಗೆ ಎರಡು ಸೀಟು ಇತ್ತು, ಕುರ್ಚಿಯಿಂದ ಒಳಕ್ಕೆ ನನ್ನನ್ನು ಎತ್ತಿಕೊಳ್ಳುವ ಕಬ್ಬಿಣದ ತೋಳು ಇತ್ತು. ಹೊರಡುವ ಮುಂಚೆ ಅದು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿತ್ತು: 'ಯಾರ ಕೆಲಸ?' ನಾನು ನನ್ನ ದನಿಯಲ್ಲಿ 'ನನ್ನ ಕೆಲಸ' ಎನ್ನಬೇಕು. ಅಂದರೆ ಮಾತ್ರ ಚಕ್ರ ಉರುಳುತ್ತದೆ. ನಾನು ಒಳಗೆ ಕೂತಿರಲೇಬೇಕು ಎಂದೇನಿಲ್ಲ. ನನಗೆ ಔಷಧ ತರಲು, ರೇಷನ್ ತರಲು ಬೇರೆಯವರು ಅದರಲ್ಲಿ ಹೋಗಬಹುದು. ಕೆಲಸ ಮಾತ್ರ ನನ್ನದಾಗಿರಬೇಕು.

ನಮ್ಮ ಓಣಿ ಈ ಪ್ರಶ್ನೆಯನ್ನು ಬೇಗ ಅರ್ಥಮಾಡಿಕೊಂಡಿತು. ಮೂಲೆಮನೆಯ ನೇಕಾರರ ಸೀರೆಗಂಟು ಪೇಟೆಗೆ ಹೋಗಬೇಕಾದರೆ ಅದು ನನ್ನ ಕೆಲಸ. ಹಿಂದಿನ ಮನೆಯ ಬಾಣಂತಿಯನ್ನು ತವರಿಗೆ ಮುಟ್ಟಿಸುವುದು ನನ್ನ ಕೆಲಸ. ಒಮ್ಮೆ ಒಂದು ಮೇಕೆಯ ಹೆರಿಗೆಯೂ ನನ್ನ ಕೆಲಸವಾಗಿತ್ತು. ಆ ವಾಸನೆ ಹೋಗಲು ಒಂದು ವಾರ ಬೇಕಾಯಿತು. ಅವರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು, ನಾನು ಕಿಟಕಿಯಿಂದ ಗಾಡಿಗೆ ಉತ್ತರ ಕೊಡುತ್ತಿದ್ದೆ. ಇದರಲ್ಲಿ ಸುಳ್ಳಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಓಣಿಯಲ್ಲಿ ಒಂದೇ ಒಂದು ಗಾಡಿ ಇರುವಾಗ ಮನೆಗೆ ಬಂದವರಿಗೆ ಇಲ್ಲ ಎನ್ನುವುದು ಹೇಗೆ?

ಎದುರುಮನೆಯ ದಾವಲಬಿಯವರ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅರವತ್ತು ದಾಟಿದ ಹೆಂಗಸು. ಸಂಜೆ ಓಣಿಯ ತುದಿಯಲ್ಲಿ ಮಿರ್ಚಿ ಕರಿಯುತ್ತಾರೆ. ಎಣ್ಣೆ ಕಾಯುವ ಮುಂಚೆ, ಬೆಳಗಿನ ತಂಪಿನಲ್ಲಿ ನಮ್ಮ ಮನೆಗೆ ಬಂದು ನನ್ನನ್ನು ಎತ್ತಿ ಕೂರಿಸಿ, ಮೀಸಿ, ತಲೆ ಬಾಚಿ ಹೋಗುತ್ತಾರೆ. ನನ್ನ ತಾಯಿ ತೀರಿಕೊಂಡ ಮಾರನೆಯ ದಿನ ಯಾರೂ ಹೇಳದೆ ಬಂದವರು, ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಇದಕ್ಕೆ ಮಂಡಳಿಯ ಭಾಷೆಯಲ್ಲಿ ಪದವಿಲ್ಲ. ಎತ್ತುವಾಗ ಅವರು ಸುಮ್ಮನೆ ಎತ್ತುವವರಲ್ಲ. ನಾನು ಏನಾದರೂ ಸಾಲು ಗುನುಗುತ್ತಿದ್ದರೆ, "ಅಕ್ಕಾರ, ನಿಮ್ಮ ಕವಿತಿ ಹಗೂರ ಅದಾವ, ನೀವಽ ಭಾರ" ಎನ್ನುತ್ತಾರೆ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕಾರ ಎಂದು ಕರೆಯುವುದು ನಿಮ್ಮ ಕಾಲದಿಂದಲೇ ಉಳಿದು ಬಂದಿರಬೇಕು.

ಈ ಕಾವು ತಿಂಗಳ ಮೊದಲ ವಾರ ಅವರು ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತರು. ಏನೂ ಕೇಳಲಿಲ್ಲ. ಅವರ ತಂಗಿ ಮುಂಡರಗಿಯಲ್ಲಿ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಆ ಮನೆಯಲ್ಲಿ ಮೊಮ್ಮಗು ಹುಟ್ಟಿದೆ ಎಂದು ಸುದ್ದಿ ಬಂದಿತ್ತು. ಕಾವಿನಲ್ಲಿ ಊರು ದಾಟುವ ಸಾಲುಬಂಡಿ ಇರುವುದಿಲ್ಲ, ಉಳಿದ ತಿಂಗಳು ದಾವಲಬಿಯವರಿಗೆ ಮಿರ್ಚಿಯ ಗಿರಾಕಿಗಳೂ ನಾನೂ ಬಿಡುವು ಕೊಡುವುದಿಲ್ಲ. ಹೋಗಿ ಬನ್ನಿ ಎಂದೆ. ಹಸಿರು ಸೀರೆ ಉಟ್ಟು, ತಂಗಿಗೆಂದು ಮಿರ್ಚಿಯ ಪೊಟ್ಟಣ ಕಟ್ಟಿಕೊಂಡು, ನಾನು ಕೂರುವ ಸೀಟಿನಲ್ಲಿ ಮದುಮಗಳಂತೆ ಕೂತರು. ಗಾಡಿ ಕೇಳಿತು, 'ಯಾರ ಕೆಲಸ?' ನಾನು ನನ್ನ ಕೆಲಸ ಎಂದೆ.

ತಂಗಿಯನ್ನು ಕಂಡರು, ಮಗುವನ್ನು ಎತ್ತಿ ಆಡಿಸಿದರು. ಬರುವಾಗ ಡಂಬಳದ ಆಚೆ ಕೆಂಗಾಳಿ ಎದ್ದಿತು. ಎದುರಿನದು ಏನೂ ಕಾಣದಂತೆ ಕೆಂಪು ದೂಳು ಸುತ್ತುವ ಗಾಳಿ ಅದು, ಕಪ್ಪತಗುಡ್ಡದ ಮೇಲೆ ನಿಮ್ಮವರು ನೆಟ್ಟ ಗಾಳಿಕಂಬಗಳು ಈಗ ಅದರಲ್ಲಿ ನರಳುತ್ತಾ ನಿಂತಿರುತ್ತವೆ. ದೂಳಿನೊಳಗಿಂದ ಕುರಿಹಿಂಡು ರಸ್ತೆಗೆ ಬಂತು. ಗಾಡಿ ಕುರಿಗಳನ್ನು ಉಳಿಸಿ ತಾನು ಒಣಗಿದ ಕಾಲುವೆಗೆ ಉರುಳಿತು. ದಾವಲಬಿಯವರ ಬಲಗಡೆಯ ಹೆಗಲೆಲುಬು ಮುರಿಯಿತು. ಗಾಡಿಯನ್ನು ನೋಡಲು ಬಂದವರು, ರಿಪೇರಿಯ ಖರ್ಚು ಗಾಡಿಯ ಬೆಲೆಗಿಂತ ಹೆಚ್ಚು ಎಂದು ಅದರ ಮೈಮೇಲೆ ಸುಣ್ಣದಲ್ಲಿ ಅಡ್ಡಗೆರೆ ಎಳೆದು ಹೋದರು. ನಮ್ಮಲ್ಲಿ ಇದಕ್ಕೆ ಗೆರೆ ಬೀಳುವುದು ಎನ್ನುತ್ತಾರೆ. ಗೆರೆ ಬಿದ್ದ ಗಾಡಿಗೆ ಬದಲಿ ಗಾಡಿ ಕೊಡುವುದು ಮಂಡಳಿಯ ನಿಯಮ. ಆದರೆ ಬಿದ್ದ ಹೊತ್ತಿಗೆ ಅದು ಯಾರ ಕೆಲಸದ ಮೇಲಿತ್ತು ಎಂದು ಮೊದಲು ವಿಚಾರಣೆಯಾಗಬೇಕು. ಕೆಲಸ ಬೇರೆಯವರದು ಎಂದಾದರೆ ಬದಲಿ ಇಲ್ಲ, ಮುಂದೆಂದೂ ಇಲ್ಲ.

ಮುಂದೆಂದೂ ಎಂಬ ಪದವನ್ನು ನಾನು ಕವಿತೆಗಳಲ್ಲಿ ಎಷ್ಟೋ ಸಲ ಓದಿಸಿದ್ದೇನೆ. ಕಿಟಕಿಯ ಹತ್ತಿರ ಕುರ್ಚಿ ಇಟ್ಟುಕೊಂಡು ಅದನ್ನು ಯೋಚಿಸುವುದು ಬೇರೆ. ನನ್ನ ಕುರ್ಚಿ ಓಣಿಯ ಕಲ್ಲುಹಾಸಿನ ಮೇಲೆ ಹೋಗುವುದಿಲ್ಲ. ಗಾಡಿ ಇಲ್ಲದಿದ್ದರೆ ಓದುಮನೆ ಇಲ್ಲ, ಅಲ್ಲಿನ ಮಕ್ಕಳ ದನಿಗಳಿಲ್ಲ, ಮಳೆ ಬಿದ್ದ ಮೊದಲ ದಿನ ಗುಡ್ಡದ ಬುಡಕ್ಕೆ ಹೋಗಿ ಹಸಿ ವಾಸನೆ ಕುಡಿದು ಬರುವುದೂ ಇಲ್ಲ. ಈ ಗೋಡೆ, ಆ ಗೋಡೆ, ನಡುವೆ ನಾನು.

ಓಣಿಯವರಿಗೆ ಇದು ಗೊತ್ತಿತ್ತು. ಸಂಜೆ ಸಂಜೆ ಬಂದು ನನಗೊಂದು ಕಥೆ ಕಟ್ಟಿಕೊಟ್ಟರು. ದಾವಲಬಿಯವರು ಮುಂಡರಗಿಗೆ ಹೋಗಿದ್ದು ನನಗೆ ತೈಲ ತರಲು ಎಂದು ನೇಕಾರರು ಹೇಳಿದರು. ತೈಲ ಬೇಡ, ಬೇರು ಎನ್ನಿ, ಬೇರಿನ ಅಂಗಡಿಯವನು ನಮ್ಮ ಪೈಕಿಯವನು, ಹೌದು ಎನ್ನುತ್ತಾನೆ ಎಂದು ಅವರ ಹೆಂಡತಿ ತಿದ್ದಿದರು. ಮೇಕೆಯವರು ಹಾಸಿಗೆಯ ಅರಳೆಯೇ ಸರಿ ಎಂದು ಪಟ್ಟು ಹಿಡಿದರು. ಕೊನೆಗೆ ಬೇರಿಗೇ ಎಲ್ಲರೂ ಒಪ್ಪಿದರು. ಕೈಯನ್ನು ಎದೆಗೆ ಕಟ್ಟಿಕೊಂಡು ಕೂತಿದ್ದ ದಾವಲಬಿಯವರೂ ತಲೆಯಾಡಿಸಿದರು. ಆದರೆ ಆಮೇಲೆ ಅವರು ತಂಗಿಯ ಮಾತು ಎತ್ತಲಿಲ್ಲ, ಮಗು ಹೇಗಿದೆ ಎಂದು ಕೇಳಿದವರಿಗೂ ಉತ್ತರಿಸಲಿಲ್ಲ. ಬೇರು ತರಲು ಹೋದವರು ಮಗುವನ್ನು ಎತ್ತಿ ಆಡಿಸಿರಲು ಸಾಧ್ಯವಿಲ್ಲವಲ್ಲ. ಆ ಒಂದು ಸಂಜೆಯನ್ನು ನನಗೋಸ್ಕರ ಅಳಿಸಿಹಾಕಲು ಅವರು ಸಿದ್ಧರಾಗಿದ್ದರು.

ಮಂಡಳಿಯಿಂದ ಕೇಳುಗ ಬಂದ. ಮನುಷ್ಯರ ಮೈಗೆ ಸಂಬಂಧಿಸಿದ ವಿಚಾರಣೆಯನ್ನು ಮನುಷ್ಯರೇ ಬಂದು ಕೇಳಬೇಕು ಎಂಬ ಕಾನೂನು ನಮ್ಮಲ್ಲಿದೆ, ಹಾಗೆ ಕೇಳಲು ಬರುವವರಿಗೆ ಆ ಹೆಸರು. ಇವನ ಹೆಸರು ಕಳಕಪ್ಪ, ಗಜೇಂದ್ರಗಡದ ಕಡೆಯವನು. ನೀರು ಕುಡಿದು, ಬೆವರು ಒರೆಸಿಕೊಂಡು, ಗಾಡಿಯೊಳಗೆ ಉಳಿದಿದ್ದ ನನ್ನ ದನಿಯನ್ನು ನನಗೇ ಕೇಳಿಸಿದ. 'ನನ್ನ ಕೆಲಸ.' ಎಷ್ಟು ಸಲೀಸಾಗಿ ಹೇಳಿದ್ದೆ. ಏನು ಕೆಲಸ ಎಂದು ಅವನು ಕೇಳಿದ. ಬೇರು ಎಂಬ ಪದ ನಾಲಿಗೆಯ ತುದಿಯಲ್ಲೇ ಇತ್ತು. ಎದುರುಮನೆಯ ಹೊಸ್ತಿಲಲ್ಲಿ ದಾವಲಬಿಯವರು ನೆಲ ನೋಡುತ್ತಾ ಕೂತಿದ್ದರು. ನಾನು ಹೇಳಿದೆ: "ಅವರು ತಂಗಿಯನ್ನು ನೋಡಿ ಬರಬೇಕಿತ್ತು. ಅದು ನನ್ನ ಕೆಲಸ."

ಅವನು ಚೀಲದಿಂದ ಹಾಳೆ ತೆಗೆದ. "ನೀವು ಹೇಳಿದ್ದು ಹಾಂಗಽ ಬರೀತೀನ್ರಿ ಅಕ್ಕಾರ," ಎಂದ. "ಆದ್ರ ಅಲ್ಲಿ ಕುಂತು ಓದೋರಿಗೆ ದಾವಲಬಿಯವರು ಯಾರು ಅಂತ ಗೊತ್ತಿರೂದಿಲ್ಲ." ಅವನು ಹೋದ ಮೇಲೆ ಓಣಿ ನನ್ನ ಮೇಲೆ ಮುನಿಸಿಕೊಂಡಿತು. ಇಷ್ಟು ಓದಿದವಳಿಗೆ ಒಂದು ಬೇರಿನ ಹೆಸರು ಹೇಳಲು ಬರಲಿಲ್ಲವೇ ಎಂದರು.

ಇಂದು ನಸುಕಿನಲ್ಲಿ ಮಂಡಳಿಯ ಆಳು ತೀರ್ಮಾನ ತಂದುಕೊಟ್ಟು ಹೋಗಿದ್ದಾನೆ. ಕೆಲಸ ನನ್ನದೋ ಅವರದೋ ಎಂದು ಮಂಡಳಿಗೆ ಬಿಡಿಸಲಾಗಿಲ್ಲ, ಹಾಗಾಗಿ ಇಲ್ಲ ಎಂದಿಲ್ಲ. ಬದಲಿಯಾಗಿ ಒಂಟಿಗಾಡಿ ಕೊಡುತ್ತದಂತೆ. ಅದಕ್ಕೆ ಒಂದೇ ಸೀಟು, ಅದೂ ನನ್ನ ತೂಕ, ನನ್ನ ಉಸಿರು ಗುರುತು ಹಿಡಿದರೆ ಮಾತ್ರ ಬಾಗಿಲು ಮುಚ್ಚಿ ಹೊರಡುತ್ತದೆ. ಅದು ಯಾರ ಕೆಲಸ ಎಂದು ಕೇಳುವುದೇ ಇಲ್ಲ, ಕೇಳುವ ಅಗತ್ಯವೇ ಬೀಳದಂತೆ ಅದನ್ನು ಕಟ್ಟಿದ್ದಾರೆ. ಒಂದು ಪೊಟ್ಟಣ ಮಿರ್ಚಿಯೂ ಬೇರೆಯವರ ಹೆಸರಲ್ಲಿ ಅದರೊಳಗೆ ಹೋಗಲಾರದು. ಕಬ್ಬಿಣದ ತೋಳಿಗೆ ಅದರಲ್ಲಿ ಜಾಗವಿಲ್ಲ. ನಾಳೆ ಸಂಜೆಯೊಳಗೆ ನಾನು ಹೆಬ್ಬೆಟ್ಟು ಒತ್ತಿದರೆ ಗಾಡಿ ಬರುತ್ತದೆ, ಇಲ್ಲದಿದ್ದರೆ ನಾನಾಗಿಯೇ ಬಿಟ್ಟುಕೊಟ್ಟಂತೆ. ಒತ್ತುತ್ತೇನೆ ಎಂದೇ ಅನ್ನಿಸುತ್ತದೆ. ಒತ್ತಿದ ಮೇಲೆ ಓಣಿಯವರು ಬಾಗಿಲಿಗೆ ಬಂದು ನಿಂತರೆ ಎತ್ತ ನೋಡಲಿ ಎಂಬುದು ಗೊತ್ತಿಲ್ಲ.

ಅವ್ವಾ, ಈ ನಿಯಮದ ಬೇರು ನಿಮ್ಮ ಕಾಲದಲ್ಲಿದೆ ಎಂದು ನಮಗೆ ಕಲಿಸಿದ್ದಾರೆ. ಇಂಥವರಿಗೆ ಇಂಥ ಗಾಡಿ, ಅದು ಅವರ ಉಪಯೋಗಕ್ಕೆ ಮಾತ್ರ ಎಂದು ಯಾವುದೋ ಕೋಣೆಯಲ್ಲಿ ಕೂತು ಒಳ್ಳೆಯ ಮನಸ್ಸಿನವರೇ ಬರೆದಿರಬೇಕು. ನಮ್ಮಂಥವರ ಗಾಡಿಯನ್ನು ಕಸಿದು ಬೇರೆಯವರು ಮೆರೆಯದಿರಲಿ ಎಂಬ ಕಾಳಜಿ ಅದು, ನನಗೆ ತಿಳಿಯುತ್ತದೆ. ಹಾಗೆ ಬರೆಯುವ ಹೊತ್ತಿಗೆ ನಿಮ್ಮನ್ನು ಕರೆದು ಕೇಳಿದರೆ ದಯವಿಟ್ಟು ಒಬ್ಬರೇ ಹೋಗಬೇಡಿ. ನಿಮ್ಮ ಹಿಂದೆ ಕೂತವರನ್ನೂ ಒಳಗೆ ಕರೆದುಕೊಂಡು ಹೋಗಿ. ಬದನೆಕಾಯಿಯ ಚೀಲ ಹಿಡಿದು ಅವರು ಹೊರಗೆ ಬಿಸಿಲಲ್ಲಿ ಕಾಯುವುದು ಬೇಡ. ಅವರನ್ನು ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಇವರು ಯಾರು ಎಂದು ಆ ಕೋಣೆಯವರು ಕೇಳುವ ತನಕ ಸುಮ್ಮನಿರಿ. ಆಮೇಲೆ ಹೇಳಿ.

ಇದನ್ನು ಬರೆಯುತ್ತಿರುವಾಗಲೇ ದಾವಲಬಿಯವರು ಬಂದರು. ಬಲಗೈ ಇನ್ನೂ ಎದೆಗೆ ಕಟ್ಟಿಯೇ ಇದೆ, ಮಿರ್ಚಿಯನ್ನು ಎಡಗೈಯಲ್ಲೇ ಕರಿಯುತ್ತಾರೆ. ಈಗ ಬೆಳಿಗ್ಗೆ ನನ್ನನ್ನು ಎತ್ತಲು ನೇಕಾರರ ಮನೆಯ ಇಬ್ಬರು ಹೆಂಗಸರು ಬರುತ್ತಾರೆ, ಇವರು ಪಕ್ಕದಲ್ಲಿ ನಿಂತು ಹೀಗಲ್ಲ ಹಾಗೆ ಎಂದು ಅವರನ್ನು ಬೈಯುತ್ತಾರೆ. ತೀರ್ಮಾನವನ್ನು ಓದಿ ಹೇಳಿದೆ. ಒಂಟಿಗಾಡಿ ಎಂದರೇನು ಎಂದು ಎರಡು ಸಲ ಕೇಳಿ ತಿಳಿದುಕೊಂಡರು. ಎಣ್ಣೆ ಕಾದಿರುತ್ತದೆ ಎಂದು ಎದ್ದವರು ಬಾಗಿಲಲ್ಲಿ ನಿಂತು ತಿರುಗಿದರು.

"ತಗೋರಿ ಅಕ್ಕಾರ, ಬ್ಯಾಡ ಅನಬ್ಯಾಡ್ರಿ. ಮನ್ಯಾಗ ಕುಂತು ಕವಿತಿ ಕೂಡ ಜಗಳಾ ಆಡೂದಕಿಂತ ಛಲೋ," ಎಂದರು. "ಆದ್ರ ನಿಮ್ಮನ್ನ ಎತ್ತಿ ಅದರಾಗ ಕುಂಡ್ರಸೂದು ಯಾರ ಕೆಲಸಾ ಅಂತ ಆ ಗಾಡಿ ಕೇಳೂದಿಲ್ಲೇನ್ರಿ?"